ಕರಾವಳಿಯ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಬಾಳುವ ಕಿಸೆಯ ಚೂರಿ: ಆರಿಸುವ ಕ್ರಮ

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಮಡಚುವ ಚೂರಿಯೊಂದನ್ನು ಕೊಳ್ಳಲು ಹೋದವರು ಮೊದಲು ನೋಡುವುದು ಅದರ ಹರಿತವನ್ನು. ಅಂಗಡಿಯವರು ಕಾಗದವನ್ನು ಸರ್ರನೆ ಸೀಳಿ ತೋರಿಸುತ್ತಾರೆ, ಕೊಳ್ಳುವವರು ಒಪ್ಪಿಬಿಡುತ್ತಾರೆ. ಆದರೆ ಹರಿತವೆಂಬುದು ಒಳ್ಳೆಯ ಸಾಣೆಕಲ್ಲಿಗೆ ಸ್ವಲ್ಪ ಹೊತ್ತು ಹಿಡಿದರೆ ಹೆಚ್ಚುಕಡಿಮೆ ಯಾವ ಚೂರಿಗೂ ಬರುವ ಗುಣ. ಅದನ್ನು ನೋಡಿ ಹತ್ತು ವರ್ಷ ಬಾಳುವ ವಸ್ತುವನ್ನು ಆರಿಸಲು ಬರುವುದಿಲ್ಲ. ನಮ್ಮ ಕರಾವಳಿಯಲ್ಲಿ ಮಡಚುವ ಚೂರಿ ಹಾಳಾಗುವುದು ಅಲಗು ಮೊಂಡಾಗುವುದರಿಂದಲ್ಲ, ಅಲಗು ತಿರುಗುವ ಕೀಲಿನೊಳಗೆ ತುಕ್ಕು ಸೇರಿ ಸ್ಪ್ರಿಂಗು ಬಿಗಿದುಕೊಳ್ಳುವುದರಿಂದ ಮತ್ತು ಹಿಡಿ ಉಬ್ಬುವುದರಿಂದ ಇಲ್ಲವೇ ಸೀಳುವುದರಿಂದ. ಬಯಲುಸೀಮೆಯವರಿಗೆ ಹೇಳುವ ಸಲಹೆ ನಮಗೆ ಪೂರ್ತಿಯಾಗಿ ಹೊಂದದಿರುವುದು ಇದೇ ಕಾರಣಕ್ಕೆ. ಗಾಳಿಯ ತೇವಾಂಶ ಶೇ. 60ನ್ನು ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಹೆಚ್ಚುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಎರಡು ಜಿಲ್ಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಆ ಮಿತಿಯ ಕೆಳಗೆ ಇಳಿಯುವುದೇ ಅಪರೂಪ, ಅದರ ಮೇಲೆ ಸಮುದ್ರದ ಉಪ್ಪೂ ಸೇರುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಹರಿತಕ್ಕೆ ಕೊನೆಯ ಸ್ಥಾನ. ಕೆಲಸ, ಅಳತೆ, ಉಕ್ಕು, ಕೀಲು, ಹಿಡಿ ಇವನ್ನು ಒಂದೊಂದಾಗಿ ಗೊತ್ತುಮಾಡಿಕೊಂಡು ಕೊನೆಗೆ ಬೆಲೆಯನ್ನು ನೋಡುವುದು ಸರಿಯಾದ ದಾರಿ.

ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳಿ

ಕಿಸೆಯಲ್ಲಿ ಇಟ್ಟುಕೊಳ್ಳುವ ಚೂರಿಗೆ ನಮ್ಮಲ್ಲಿ ಬೀಳುವ ಕೆಲಸಗಳು ಚಿಕ್ಕವು, ಆದರೆ ಬಗೆಬಗೆಯವು. ಪಾರ್ಸೆಲಿನ ಟೇಪು ಸೀಳುವುದು, ಸುತಲಿ ಕತ್ತರಿಸುವುದು, ಬಸ್ಸಿನ ಪ್ರಯಾಣದಲ್ಲಿ ಪೇರಳೆ ಹೆಚ್ಚುವುದು, ತೋಟದಲ್ಲಿ ನೀರಿನ ಪೈಪು ಕೊಯ್ಯುವುದು, ಊಟಕ್ಕೆ ಬಾಳೆ ಎಲೆಯ ತುದಿಯನ್ನು ಹದವಾಗಿ ಕತ್ತರಿಸುವುದು, ಶಂಕರಪುರದ ಕಡೆ ಮಲ್ಲಿಗೆಯ ಅಟ್ಟಿ ಕಟ್ಟುವವರು ಬಾಳೆಯ ನಾರನ್ನು ಸೀಳುವುದು, ಇವೆಲ್ಲ ಅದಕ್ಕೆ ತಕ್ಕ ಕೆಲಸಗಳು. ಬೊಂಡ ಕೆತ್ತುವುದು, ತೆಂಗಿನ ಗರಿ ಕಡಿಯುವುದು, ಸೌದೆ ಸೀಳುವುದು ಇದರ ಕೆಲಸವಲ್ಲ. ಅದಕ್ಕೆ ಊರಿನ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಕತ್ತಿಯೇ ಬೇಕು, ಅದರ ಬಲ ಯಾವ ಕಂಪೆನಿಯ ಮಡಚುವ ಚೂರಿಗೂ ಬರುವುದಿಲ್ಲ. ಮಡಚುವ ಚೂರಿಯ ಅಲಗು ಒಂದೇ ಒಂದು ಕೀಲಿನ ಮೇಲೆ ನಿಂತಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಅದರಿಂದ ಬಡಿಯುವ ಅಥವಾ ಮೀಟುವ ಕೆಲಸ ಮಾಡಿಸಲು ಮನಸ್ಸು ಬರುವುದಿಲ್ಲ.

ಮಲ್ಪೆ ಅಥವಾ ಮಂಗಳೂರಿನ ಹಳೆ ಬಂದರಿನಲ್ಲಿ ಬೋಟಿಗೆ ಹೋಗುವವರ ಅಗತ್ಯ ಬೇರೆ. ಅವರಿಗೆ ನೈಲಾನ್ ಹಗ್ಗ ಮತ್ತು ಬಲೆಯ ನೂಲು ಕತ್ತರಿಸಬೇಕು, ಒದ್ದೆ ಕೈಯಲ್ಲಿ ಹಿಡಿತ ತಪ್ಪಬಾರದು, ಉಪ್ಪುನೀರು ನೇರವಾಗಿ ಬೀಳುವುದನ್ನು ತಡೆದುಕೊಳ್ಳಬೇಕು. ಅವರು ಅಲಗಿನ ಬುಡದ ಭಾಗದಲ್ಲಿ ಗರಗಸದಂತಹ ಹಲ್ಲುಗಳಿರುವ ಚೂರಿಯನ್ನು ನೋಡಬಹುದು. ಉಳಿದವರಿಗೆ ನೇರ ಅಂಚಿನ ಅಲಗೇ ಮೇಲು, ಏಕೆಂದರೆ ಹಲ್ಲಿನ ಭಾಗವನ್ನು ಮನೆಯ ಕಲ್ಲಿನಲ್ಲಿ ಮಸೆಯಲಾಗುವುದಿಲ್ಲ.

ಅಳತೆ ಮತ್ತು ಕಾನೂನು

ಮೇಲೆ ಹೇಳಿದ ಕೆಲಸಗಳಿಗೆ 6ರಿಂದ 8.5 ಸೆಂಟಿಮೀಟರ್ ಉದ್ದದ ಅಲಗು ಧಾರಾಳವಾಗಿ ಸಾಕು. ಬೆನ್ನಿನ ದಪ್ಪ 2ರಿಂದ 2.5 ಮಿಲಿಮೀಟರ್ ಇರಲಿ. ದಪ್ಪ ಅಲಗು ಗಟ್ಟಿಮುಟ್ಟಾಗಿ ಕಾಣುತ್ತದೆ ನಿಜ, ಆದರೆ ಮಟ್ಟುಗುಳ್ಳವನ್ನೋ ಸೇಬನ್ನೋ ಹೆಚ್ಚಲು ಹೋದರೆ ಹೋಳು ಕೊಯ್ದುಕೊಳ್ಳುವ ಬದಲು ಸೀಳಿಕೊಂಡು ಬರುತ್ತದೆ. ತೂಕ 100 ಗ್ರಾಂ ಮೀರಿದರೆ ಅಂಗಿಯ ಕಿಸೆ ಜೋತುಬೀಳುತ್ತದೆ. ಕೆಲವೇ ದಿನಗಳಲ್ಲಿ ಅದು ಕಿಸೆಯಿಂದ ಮೇಜಿನ ಖಾನೆಗೆ ಸೇರುತ್ತದೆ.

ಕಾನೂನಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹರಿತವಾದ ಆಯುಧಗಳ ಪಟ್ಟಿಗೆ ಸೇರಿಸಿ, ಮನೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಗೆಂದು ಮಾಡಿದವನ್ನು ಅದರಿಂದ ಹೊರಗಿಟ್ಟಿವೆ. ಕಿಸೆಯ ಚೂರಿ ಈ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೂ ಜಿಲ್ಲೆಯಲ್ಲಿ ನಿಷೇಧಾಜ್ಞೆ ಜಾರಿಯಲ್ಲಿರುವಾಗ ಆಯುಧವೆಂದು ಕಾಣಬಹುದಾದ ಯಾವುದನ್ನೂ ಸಾರ್ವಜನಿಕ ಸ್ಥಳದಲ್ಲಿ ಒಯ್ಯದಿರುವುದೇ ಸರಿ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಕೈಚೀಲದಲ್ಲಿ ಚೂರಿ ಸಿಕ್ಕಿದರೆ ಅದನ್ನು ಬಿಟ್ಟು ಹೋಗಬೇಕಾಗುತ್ತದೆ. ಚೆಕ್‌-ಇನ್ ಲಗೇಜಿನಲ್ಲಿ ಹಾಕಿದರೆ ತೊಂದರೆಯಿಲ್ಲ. ಗುಂಡಿ ಒತ್ತಿದೊಡನೆ ಚಟ್ಟನೆ ತೆರೆದುಕೊಳ್ಳುವ ಚೂರಿಗಳನ್ನು ಎರಡು ಕಾರಣಕ್ಕೆ ಬಿಡಬೇಕು. ನೋಡಿದವರಿಗೆ ಅದು ಉಪಕರಣವಾಗಿ ಕಾಣುವುದಿಲ್ಲ. ಜೊತೆಗೆ, ಒಳಗಿನ ಸಣ್ಣ ಸ್ಪ್ರಿಂಗು ನಮ್ಮ ಮಳೆಗಾಲದಲ್ಲಿ ಬೇರೆಲ್ಲ ಭಾಗಗಳಿಗಿಂತ ಮೊದಲು ತುಕ್ಕು ಹಿಡಿದು ತುಂಡಾಗುತ್ತದೆ.

ಉಕ್ಕು: ಹೆಸರಿಲ್ಲದ ಅಲಗನ್ನು ಕೊಳ್ಳಬೇಡಿ

ಅಲಗಿನ ಮೇಲೆ ಬರಿದೆ 'ಸ್ಟೇನ್‌ಲೆಸ್ ಸ್ಟೀಲ್' ಎಂದು ಅಚ್ಚೊತ್ತಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಉಕ್ಕಿನಲ್ಲಿ ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಅದಕ್ಕೆ ಸ್ಟೇನ್‌ಲೆಸ್ ಎಂಬ ಹೆಸರು ಸಲ್ಲುತ್ತದೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಅಲಗಿನ ಮೇಲೆ ಕಟ್ಟುತ್ತದೆ, ಒಳಗಿನ ಕಬ್ಬಿಣವನ್ನು ಕಾಯುವುದು ಆ ಪೊರೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಸೂಜಿಮೊನೆಯಷ್ಟು ಜಾಗದಲ್ಲಿ ಒಡೆಯುತ್ತದೆ. ಹಾಗೆ ಒಡೆದಲ್ಲಿ ತುಕ್ಕು ಮೇಲ್ಮೈಯಲ್ಲಿ ಹರಡದೆ ಕೆಳಮುಖವಾಗಿ ಕೊರೆಯುತ್ತ ಹೋಗುತ್ತದೆ. 'ತುಕ್ಕು ಹಿಡಿಯುವುದಿಲ್ಲ' ಎಂದು ನಂಬಿ ತಂದ ಚೂರಿಯ ಅಲಗಿನಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುವುದು ಹೀಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಕ್ಕಿನಲ್ಲಿ ಇಂಗಾಲ ಹೆಚ್ಚಿದಷ್ಟೂ ಹರಿತ ಬಹುಕಾಲ ನಿಲ್ಲುತ್ತದೆ, ಆದರೆ ಆ ಇಂಗಾಲ ಕ್ರೋಮಿಯಮ್ಮಿನ ಒಂದು ಪಾಲನ್ನು ತನ್ನೊಡನೆ ಗಟ್ಟಿ ಕಣಗಳಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪೊರೆ ಕಟ್ಟಲು ಉಳಿಯುವ ಕ್ರೋಮಿಯಂ ಅಷ್ಟು ಕಡಿಮೆಯಾಗುತ್ತದೆ. ಅಂತರ್ಜಾಲದ ಮಳಿಗೆಗಳಲ್ಲಿ ಬಹಳ ಹೊಗಳಿಕೆ ಪಡೆಯುವ ಡಿ2 ಉಕ್ಕಿನ ಕತೆ ಇದೇ. ಅದರಲ್ಲಿ ಕ್ರೋಮಿಯಂ ಶೇ. 12ರ ಆಸುಪಾಸಿನಲ್ಲಿದೆ, ಇಂಗಾಲ ಸುಮಾರು ಶೇ. 1.5 ಇದೆ, ಹರಿತ ಅದ್ಭುತವಾಗಿ ನಿಲ್ಲುತ್ತದೆ, ತುಕ್ಕೂ ಹಿಡಿಯುತ್ತದೆ. ಬೆಂಗಳೂರಿನಲ್ಲಿರುವವರಿಗೆ ಅದು ಒಳ್ಳೆಯ ಆಯ್ಕೆಯಾಗಬಹುದು. ಕಾಪುವಿನ ಕಡಲ ಬದಿಯಲ್ಲಿ ಮನೆಯಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನಮ್ಮ ಊರಿಗೆ ಹೊಂದುವುದು ಇಂಗಾಲ ಶೇ. 0.5ರಿಂದ 0.65ರಷ್ಟಿದ್ದು ಕ್ರೋಮಿಯಂ ಶೇ. 13ಕ್ಕಿಂತ ಮೇಲಿರುವ ಉಕ್ಕು. ಸ್ವೀಡನ್ನಿನ 12ಸಿ27ರಲ್ಲಿ ಇಂಗಾಲ ಸುಮಾರು ಶೇ. 0.6, ಕ್ರೋಮಿಯಂ ಶೇ. 13.5. ಅದೇ ಬಳಗದ 14ಸಿ28ಎನ್ ಉಕ್ಕಿಗೆ ಸ್ವಲ್ಪ ಸಾರಜನಕವನ್ನೂ ಬೆರೆಸಿರುವುದರಿಂದ ಅದು ತುಕ್ಕನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಕಡಿಮೆ ಬೆಲೆಯ ಚೂರಿಗಳಲ್ಲಿ ಈ ಉಕ್ಕು ಸಿಕ್ಕಿದರೆ ಹಿಂದೆಮುಂದೆ ನೋಡದೆ ತೆಗೆದುಕೊಳ್ಳಬಹುದು. ಸ್ವಿಸ್ ಚೂರಿಗಳ ಉಕ್ಕು ಮೆದುವೆಂದು ಕೆಲವರು ದೂರುತ್ತಾರೆ. ಅದರ ಗಡಸುತನ ರಾಕ್‌ವೆಲ್ ಮಾಪನದಲ್ಲಿ 55–56 ಇರುವುದರಿಂದ ಅಂಚು ಬೇಗ ಮೊಂಡಾಗುವುದು ನಿಜ, ಆದರೆ ಮನೆಯ ಸಾದಾ ಕಲ್ಲಿನಲ್ಲಿ ನಾಲ್ಕೈದು ಸಲ ಎಳೆದರೆ ಹರಿತ ಮರಳುತ್ತದೆ, ತುಕ್ಕಂತೂ ಸುಲಭವಾಗಿ ಹತ್ತಿರ ಸುಳಿಯುವುದಿಲ್ಲ. ಚೀನಾದ 8ಸಿಆರ್13ಎಂಒವಿ ಉಕ್ಕನ್ನು ಒರೆಸಿ ಇಡುವ ಅಭ್ಯಾಸವುಳ್ಳವರು ಬಳಸಬಹುದು. 3ಸಿಆರ್13ರಲ್ಲಿ ತುಕ್ಕಿನ ಭಯ ಕಡಿಮೆ, ಆದರೆ ಹರಿತ ಒಂದು ವಾರವೂ ನಿಲ್ಲುವುದಿಲ್ಲ.

ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನ ಅಲಗು ಹರಿತದ ಸುಖದಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಆದರೆ ಹಸಿ ಅಡಿಕೆ, ಬಾಳೆದಿಂಡು, ಗೇರುಹಣ್ಣು ಇವುಗಳ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಅಲಗನ್ನೂ ಹೋಳನ್ನೂ ಕಪ್ಪಾಗಿಸುತ್ತದೆ. ಕಪ್ಪಿನಿಂದ ಅಲಗಿಗೆ ಹಾನಿಯಿಲ್ಲ. ಹಾನಿ ಮಾಡುವುದು ಅದರ ನಂತರ ಬರುವ ಕೆಂಪು ತುಕ್ಕು. ಪ್ರತಿ ಸಲವೂ ತೊಳೆದು, ಒರೆಸಿ, ಎಣ್ಣೆ ಹಚ್ಚಲು ಒಪ್ಪುವವರು ಮಾತ್ರ ಇದನ್ನು ಆರಿಸಬೇಕು.

ಅಲಗಿಗೆ ಕಪ್ಪು ಬಣ್ಣದ ಲೇಪ ಇದ್ದರೆ ತುಕ್ಕು ಬರುವುದಿಲ್ಲವೆಂದು ಅಂಗಡಿಯಲ್ಲಿ ಹೇಳುವುದುಂಟು. ಮಸೆದ ಅಂಚಿನಲ್ಲಿ ಲೇಪವಿರುವುದಿಲ್ಲ, ಕೀಲಿನ ತೂತಿನಲ್ಲಿ ಉಜ್ಜಿ ಹೋಗಿರುತ್ತದೆ. ರಕ್ಷಣೆ ಬೇಕಾದ ಎರಡೂ ಕಡೆ ಅದು ಇಲ್ಲವಾದ್ದರಿಂದ ಅದಕ್ಕೆ ಹೆಚ್ಚಿನ ಹಣ ಕೊಡಬೇಕಿಲ್ಲ.

ಕೀಲು ಮತ್ತು ಲಾಕು: ಹೆಚ್ಚು ಹೊತ್ತು ನೋಡಬೇಕಾದ ಜಾಗ

ಮಡಚುವ ಚೂರಿಯ ಆಯುಷ್ಯ ನಿರ್ಧಾರವಾಗುವುದು ಇಲ್ಲಿ. ಅಲಗಿನ ಬುಡ, ಅದು ತಿರುಗುವ ಕೀಲು, ಎರಡು ಬದಿಯ ಪಟ್ಟಿಗಳು, ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವ ಸ್ಪ್ರಿಂಗು ಅಥವಾ ಲಾಕು, ಇಷ್ಟೂ ಒಂದು ಬೆರಳಗಲದ ಜಾಗದಲ್ಲಿ ಒತ್ತಾಗಿ ಕೂತಿರುತ್ತವೆ. ಬೆವರು, ಹಣ್ಣಿನ ರಸ, ಕಿಸೆಯ ನೂಲಿನ ಎಳೆ, ಮರಳು, ಎಲ್ಲವೂ ಬಂದು ಸೇರುವುದೂ ಅಲ್ಲಿಗೇ. ಹಲಸಿನ ಹಣ್ಣಿಗೆ ಒಮ್ಮೆ ಚೂರಿ ಹಾಕಿ ಹಾಗೆಯೇ ಮಡಚಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಣ ಕೀಲಿನ ಸಂದಿಗೆ ಇಳಿದು, ಅದಕ್ಕೆ ಧೂಳು ಅಂಟಿ, ನಾಲ್ಕು ದಿನದಲ್ಲಿ ಕರಿಯ ಅಂಟಿನ ಉಂಡೆಯಾಗುತ್ತದೆ, ಆಮೇಲೆ ಅಲಗನ್ನು ತೆರೆಯಲು ಉಗುರೇ ಕೀಳಬೇಕು. ಆದ್ದರಿಂದ ಚೂರಿಯನ್ನು ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ಸಂದಿಯೊಳಕ್ಕೆ ನೀರು ಹಾಯಿಸಿ ತೊಳೆದು, ಒಳಗಿನವರೆಗೂ ಒಣಗಿಸಿ, ಎಣ್ಣೆ ಬಿಡಲು ಬರುತ್ತದೆಯೆ?

ಹಿಡಿಯ ಬೆನ್ನು ತೆರೆದಿದ್ದು ಆಚೆಯಿಂದ ಈಚೆಗೆ ಬೆಳಕು ಕಾಣುವಂತಿದ್ದರೆ ಅದು ಒಳ್ಳೆಯ ಲಕ್ಷಣ. ನೀರು ಹರಿದುಹೋಗುತ್ತದೆ, ಬ್ರಷ್ಷು ಒಳಗೆ ಹೋಗುತ್ತದೆ. ರಿವೆಟ್ಟಿನ ಬದಲು ಸ್ಕ್ರೂ ಹಾಕಿ ಜೋಡಿಸಿದ ಚೂರಿಯನ್ನು ಪೂರ್ತಿ ಬಿಚ್ಚಬಹುದು. ನಕ್ಷತ್ರದ ಆಕಾರದ ತಲೆಯಿರುವ ಈ ಸ್ಕ್ರೂಗಳಿಗೆ ಟಿ6, ಟಿ8 ಅಳತೆಯ ಟಾರ್ಕ್ಸ್ ಡ್ರೈವರ್ ಬೇಕು, ಮೊಬೈಲ್ ರಿಪೇರಿಯ ಸಾಮಾನು ಮಾರುವಲ್ಲಿ ಅವು ಸಿಗುತ್ತವೆ. ಅಲಗು ಮತ್ತು ಪಟ್ಟಿಯ ನಡುವೆ ಕಂಚಿನ ವಾಷರ್ ಇದ್ದರೆ ಉತ್ತಮ. ಈಚೆಗೆ ಬಾಲ್ ಬೇರಿಂಗ್ ಇರುವ ಚೂರಿಗಳು ಬಂದಿವೆ, ತೆರೆಯುವಾಗ ನೀರಿನಂತೆ ಜಾರುತ್ತವೆ. ಪಣಂಬೂರಿನ ಮರಳಿನ ಎರಡು ಕಣ ಒಳಹೊಕ್ಕರೆ ಆ ನಯ ಅಲ್ಲಿಗೆ ಮುಗಿಯಿತು.

ಲಾಕಿನ ಬಗೆಗಳನ್ನು ಒಂದಿಷ್ಟು ತಿಳಿದಿರಬೇಕು. ಸ್ವಿಸ್ ಚೂರಿಗಳ ಸಣ್ಣ ಮಾದರಿಗಳಲ್ಲಿ ಲಾಕು ಇರುವುದಿಲ್ಲ, ಬೆನ್ನಿನ ಸ್ಪ್ರಿಂಗೇ ಅಲಗನ್ನು ಒತ್ತಿ ಹಿಡಿದಿರುತ್ತದೆ. ಭಾಗಗಳು ಕಡಿಮೆಯಾದ್ದರಿಂದ ಕೆಡುವುದೂ ಕಡಿಮೆ, ಕಾಣಲೂ ಸೌಮ್ಯ. ಆದರೆ ಮೊನೆಯಿಂದ ಚುಚ್ಚುವಾಗ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು, ಎಚ್ಚರಿಕೆ ಬೇಕು. ಬೆನ್ನಿನಲ್ಲಿ ಒತ್ತುಪಟ್ಟಿಯಿರುವ ಬ್ಯಾಕ್ ಲಾಕ್ ಬಲವಾದದ್ದು, ಆದರೆ ಅದರ ಬೆನ್ನು ಮುಚ್ಚಿಕೊಂಡಿರುತ್ತದೆ, ಲಾಕು ಕೂರುವ ಕಚ್ಚಿನಲ್ಲಿ ಕಸ ತುಂಬಿದರೆ ಸರಿಯಾಗಿ ಕೂರುವುದಿಲ್ಲ. ಬದಿಯ ಪಟ್ಟಿಯೇ ಒಳಕ್ಕೆ ಬಾಗಿ ಅಲಗಿನ ಬುಡಕ್ಕೆ ಆತುಕೊಳ್ಳುವ ಲೈನರ್ ಲಾಕನ್ನು ತೊಳೆಯುವುದು ಸುಲಭ. ಒಂದು ಮಿಲಿಮೀಟರಿಗಿಂತ ತೆಳುವಾದ ಪಟ್ಟಿಯಾದರೆ ಮಾತ್ರ ನಂಬಬಾರದು. ತೋಟ ಮತ್ತು ಬೋಟಿನ ಕೆಲಸಕ್ಕೆ ಲಾಕು ಇರುವುದನ್ನೇ ಆರಿಸಿ. ಕಚೇರಿ, ಪ್ರಯಾಣ, ಮನೆಯ ಬಳಕೆಗೆ ಲಾಕು ಇಲ್ಲದ ಸಾದಾ ಚೂರಿಯೇ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಿಡಿ

ಮರದ ಹಿಡಿಯ ಚೆಲುವಿಗೆ ಮನಸೋಲದವರಿಲ್ಲ. ಫ್ರಾನ್ಸಿನ ಸವೋಯ್ ಪ್ರಾಂತ್ಯದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಚೂರಿ ಕೊಡುವ ಬೆಲೆಗೆ ಸಿಗುವ ಅತ್ಯಂತ ಒಳ್ಳೆಯ ಕೊಯ್ಯುವ ಸಾಧನಗಳಲ್ಲಿ ಒಂದು. ಅದರ 8ನೇ ಸಂಖ್ಯೆಯ ಚೂರಿಗೆ 8.5 ಸೆಂಟಿಮೀಟರ್ ಅಲಗಿದೆ. 1955ರಲ್ಲಿ ಸೇರಿಸಿದ, ಬುಡದಲ್ಲಿ ತಿರುಗಿಸಿ ಲಾಕು ಮಾಡುವ ಉಂಗುರವೂ ಇದೆ. ಆದರೆ ಬೀಚ್ ಮರದ ಅದರ ಹಿಡಿ ನಮ್ಮ ಆಟಿ ತಿಂಗಳ ಹವೆಗೆ ನೀರು ಹೀರಿ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹಾಗಾದಾಗ ಹಿಡಿಯ ಹಿಂಬದಿಯ ತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿದರೆ ಅಲಗು ತುಸು ಹೊರಬರುತ್ತದೆ, ಆ ಊರಿನವರೂ ಮಾಡುವುದು ಇದನ್ನೇ. ಈ ಚೂರಿ ಬೇಕೇಬೇಕೆನ್ನುವವರು ಸ್ಟೇನ್‌ಲೆಸ್ ಅಲಗಿನದನ್ನು ಆರಿಸಿ, ಬೇಸಿಗೆಯಲ್ಲಿ ಹಿಡಿಯ ಕೀಲಿನ ಭಾಗಕ್ಕೆ ಅಗಸೆ ಎಣ್ಣೆಯನ್ನು ಕುಡಿಸಿ ಒಣಗಿಸಬೇಕು. ಅದರ ಕೀಲು ರಿವೆಟ್ಟಿನದು, ಬಿಚ್ಚಲು ಬರುವುದಿಲ್ಲ ಎಂಬುದೂ ತಿಳಿದಿರಲಿ.

ಕೊಂಬು ಮತ್ತು ಎಲುಬಿನ ಹಿಡಿಗಳು ಏಪ್ರಿಲ್ ಬಿಸಿಲಿಗೂ ಜುಲೈ ಮಳೆಗೂ ಹಿಗ್ಗಿ ಕುಗ್ಗಿ ರಿವೆಟ್ಟಿನ ಬಳಿ ಸೀಳುತ್ತವೆ. ಎಲ್ಲಕ್ಕಿಂತ ಮೋಸ ಮಾಡುವುದು ಮೆತ್ತನೆಯ ರಬ್ಬರಿನಂತಹ ಲೇಪ ಹಾಕಿದ ಪ್ಲಾಸ್ಟಿಕ್ ಹಿಡಿ. ಅಂಗಡಿಯಲ್ಲಿ ಹಿಡಿದಾಗ ಕೈಗೆ ಹಿತವಾಗಿರುವ ಆ ಲೇಪ ನಮ್ಮ ಸೆಕೆ ಮತ್ತು ತೇವಕ್ಕೆ ಎರಡು ಮೂರು ವರ್ಷಗಳಲ್ಲಿ ಕರಗಿದಂತಾಗಿ ಅಂಟಂಟಾಗುತ್ತದೆ, ಆಮೇಲೆ ಅದನ್ನು ಕಿಸೆಗೆ ಹಾಕಲು ಮನಸ್ಸಾಗುವುದಿಲ್ಲ. ಗಾಜಿನ ನಾರು ಬೆರೆಸಿದ ನೈಲಾನ್, ಜಿ10 ಎಂಬ ಗಾಜುನಾರಿನ ಹಲಗೆ, ಆನೊಡೈಸ್ ಮಾಡಿದ ಅಲ್ಯೂಮಿನಿಯಂ, ಈ ಮೂರಕ್ಕೂ ತೇವದ ಭಯವಿಲ್ಲ. ಒದ್ದೆ ಕೈಯಲ್ಲಿ ಅಲ್ಯೂಮಿನಿಯಂ ಸ್ವಲ್ಪ ಜಾರುತ್ತದೆ, ಮೀನಿನ ಕೆಲಸದವರಿಗೆ ಒರಟು ನೈಲಾನೇ ಆಗಬೇಕು.

ಅಂಗಡಿಯಲ್ಲಿ ನಿಂತು ಮಾಡುವ ಪರೀಕ್ಷೆ

ಬಂದರಿನ ಬೀದಿಯ ಹಾರ್ಡ್‌ವೇರ್ ಅಂಗಡಿಯಾಗಲಿ, ಹಂಪನಕಟ್ಟೆಯ ಬದಿಯ ಅಂಗಡಿಯಾಗಲಿ, ಉಡುಪಿಯ ರಥಬೀದಿಯ ಆಸುಪಾಸಾಗಲಿ, ಚೂರಿಯನ್ನು ಕೈಗೆ ಕೊಡಲು ಒಪ್ಪದವರಲ್ಲಿ ಕೊಳ್ಳಬೇಡಿ. ಕೈಗೆ ಬಂದ ಮೇಲೆ ಅವಸರ ಮಾಡದೆ ನೋಡಿ.

ಮೊದಲು ಮಡಚಿದ ಸ್ಥಿತಿಯಲ್ಲಿ ಬೆಳಕಿಗೆ ಹಿಡಿಯಿರಿ. ಅಲಗು ಎರಡು ಪಟ್ಟಿಗಳ ನಡುವೆ ನೇರವಾಗಿ ಕೂತಿರಬೇಕು, ಒಂದು ಬದಿಗೆ ಉಜ್ಜುತ್ತಿದ್ದರೆ ಕೀಲಿನ ತೂತು ಓರೆಯಾಗಿದೆ ಎಂದರ್ಥ. ಮೊನೆ ಹಿಡಿಯ ಅಂಚಿನಿಂದ ಕೆಳಗೆ ಅಡಗಿರಬೇಕು. ಬೆರಳನ್ನು ಅಂಚಿನ ಮೇಲೆ ಹಗುರವಾಗಿ ಸವರಿದಾಗ ಮೊನೆ ತಾಗಿದರೆ ಅದು ಕಿಸೆಯನ್ನೂ ಕೈಯನ್ನೂ ಗೀರುತ್ತದೆ. ಅನಂತರ ತೆರೆದು, ಹಿಡಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಅಲಗಿನ ಬೆನ್ನನ್ನು ಇನ್ನೊಂದು ಕೈಯ ಬೆರಳುಗಳಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಾಟವೂ ಹೊಸ ಚೂರಿಯಲ್ಲಿ ಇರಕೂಡದು, ಅದು ವರ್ಷದೊಳಗೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಸ್ಕ್ರೂ ಇರುವ ಚೂರಿಯಾದರೆ ಬಿಗಿಗೊಳಿಸಿ ಮತ್ತೆ ನೋಡಲು ಅವಕಾಶ ಕೊಡಬಹುದು, ರಿವೆಟ್ಟಿನದಾದರೆ ಬೇರೊಂದನ್ನು ಕೇಳಿ.

ಲಾಕು ಇದ್ದರೆ ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ದೂರವಿಟ್ಟು, ಅಲಗಿನ ಬೆನ್ನನ್ನು ಮರದ ಮೇಜಿಗೆ ಒತ್ತಿ. ಬಡಿಯಬೇಕಿಲ್ಲ, ಒತ್ತಿದರೆ ಸಾಕು, ಜಾರಿದರೆ ಕೆಳಗಿಡಿ. ತೆರೆಯುವಾಗಲೂ ಮಡಚುವಾಗಲೂ ಶಬ್ದಕ್ಕೆ ಕಿವಿಗೊಡಿ. ಒಳ್ಳೆಯ ಸ್ಪ್ರಿಂಗಿನ ಚೂರಿ ಸ್ಪಷ್ಟವಾಗಿ ಟಕ್ಕೆನ್ನುತ್ತದೆ, ಕರಕರ ಎಂದರೆ ಒಳಗೆ ಒರಟಾಗಿ ಕತ್ತರಿಸಿದ ಅಂಚುಗಳಿವೆ. ಕೊನೆಯದಾಗಿ ಅಂಚನ್ನು ದೀಪದ ಕೆಳಗೆ ನೇರವಾಗಿ ನೋಡಿ. ಸರಿಯಾಗಿ ಮಸೆದ ಅಂಚು ಬೆಳಕನ್ನು ಹಿಂದಕ್ಕೆ ಎಸೆಯುವುದಿಲ್ಲ. ಹೊಳೆಯುವ ಚುಕ್ಕೆಯಿದ್ದರೆ ಅಲ್ಲಿ ಮೊಂಡಿದೆ. ಇದೊಂದೇ ಕಾರಣಕ್ಕೆ ಬಿಡಬೇಕಾಗಿಲ್ಲ, ಅದನ್ನು ಮನೆಯಲ್ಲಿ ಸರಿಮಾಡಬಹುದು.

ಅಂತರ್ಜಾಲದಲ್ಲಿ ತರಿಸುವವರು ಹಿಂದಿರುಗಿಸುವ ಅವಧಿಯನ್ನು ಮೊದಲೇ ನೋಡಿಕೊಂಡು, ಪೆಟ್ಟಿಗೆ ಬಂದ ದಿನವೇ ಏನನ್ನೂ ಕತ್ತರಿಸದೆ ಇವೇ ಪರೀಕ್ಷೆಗಳನ್ನು ಮಾಡಬೇಕು.

ಬೆಲೆ ಮತ್ತು ಹೆಸರು

ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ, ಉಕ್ಕಿನ ಹೆಸರಿಲ್ಲದ ಚೂರಿಗಳು ಅಗ್ಗವಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಇನ್ನೊಂದನ್ನು ಕೊಳ್ಳುತ್ತ ಹೋದರೆ ಆರೇಳು ವರ್ಷಕ್ಕೆ ಎರಡು ಸಾವಿರ ರೂಪಾಯಿಯವರೆಗೆ ಕೈಬಿಟ್ಟಿರುತ್ತದೆ, ಕಿಸೆಯಲ್ಲಿ ಒಳ್ಳೆಯ ಚೂರಿಯಂತೂ ಇರುವುದಿಲ್ಲ. ಅದರ ಬದಲು ಒಂದೂವರೆ ಸಾವಿರದಿಂದ ಮೂರು ಸಾವಿರದೊಳಗೆ ಒಂದೇ ಸಲ ಹಾಕುವುದು ಲೇಸು. ಅದಕ್ಕಿಂತ ಹೆಚ್ಚು ಕೊಟ್ಟರೆ ಸಿಗುವುದು ಹೆಚ್ಚು ಗಡಸಾದ ಉಕ್ಕು ಮತ್ತು ಅಂದಚಂದ, ನಮ್ಮ ಹವೆಯಲ್ಲಿ ಹೆಚ್ಚಿನ ಆಯುಷ್ಯವಲ್ಲ.

ಒಂದೇ ಹೆಸರು ಹೇಳಿ ಎಂದರೆ ನಾನು ಹೇಳುವುದು ವಿಕ್ಟೋರಿನಾಕ್ಸ್. ಸ್ವಿಟ್ಜರ್ಲೆಂಡಿನ ಈಬಾಕ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಯಾಗಾರ ಅದು, 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚೂರಿ ಒದಗಿಸತೊಡಗಿತು. 91 ಮಿಲಿಮೀಟರ್ ಉದ್ದದ ಮಾದರಿಗಳಲ್ಲಿ ಸ್ಪಾರ್ಟನ್‌ಗೆ ಬೆನ್ನಿನಲ್ಲಿ ಬಿರಡೆ ತೆಗೆಯುವ ಸುರುಳಿಯಿದೆ, ಟಿಂಕರ್‌ಗೆ ಅದೇ ಜಾಗದಲ್ಲಿ ಪ್ಲಸ್ ಸ್ಕ್ರೂಡ್ರೈವರ್ ಇದೆ. ನಮ್ಮ ಮನೆಗಳಲ್ಲಿ ಉಪಯೋಗಕ್ಕೆ ಬರುವುದು ಎರಡನೆಯದು. ತೂಕ 60 ಗ್ರಾಮಿನ ಆಸುಪಾಸು. ಅಲ್ಯೂಮಿನಿಯಂ ಹಿಡಿಯ 93 ಮಿಲಿಮೀಟರಿನ ಪಯನೀರ್ ಇನ್ನೂ ಗಟ್ಟಿ, ಬೆಲೆಯೂ ಹೆಚ್ಚು. ವಸ್ತು ಮತ್ತು ತಯಾರಿಕೆಯ ದೋಷಗಳಿಗೆ ಕಂಪೆನಿ ಜೀವಿತಾವಧಿ ಖಾತರಿ ಕೊಡುತ್ತದೆ. ಸವೆತಕ್ಕೂ ತಪ್ಪು ಬಳಕೆಗೂ ಅದು ಅನ್ವಯಿಸುವುದಿಲ್ಲ. ಕೆಂಪು ಹಿಡಿಗೆ ಬಿಳಿಯ ಶಿಲುಬೆ ಅಂಟಿಸಿದ ನಕಲಿಗಳು ಸಂತೆಯಿಂದ ಹಿಡಿದು ಅಂತರ್ಜಾಲದವರೆಗೆ ಎಲ್ಲೆಡೆ ಇವೆ. ದೊಡ್ಡ ಅಲಗಿನ ಬುಡದಲ್ಲಿ ಕಂಪೆನಿಯ ಹೆಸರೂ 'ಸ್ವಿಸ್ ಮೇಡ್' ಎಂಬುದೂ ಸ್ಪಷ್ಟವಾಗಿ ಅಚ್ಚೊತ್ತಿರಬೇಕು. ಒಪಿನೆಲ್ ಚೂರಿಯ ಅಲಗಿನ ಮೇಲೆ ಕಿರೀಟವಿಟ್ಟ ಕೈಯ ಗುರುತು ಇರುತ್ತದೆ. ಯಾವುದನ್ನೇ ಕೊಂಡರೂ ಬಿಲ್ಲು ತೆಗೆದುಕೊಂಡು ಜೋಪಾನ ಮಾಡಿ.

ಕೊಂಡ ಮೇಲೆ

ಹಣ್ಣು, ಮೀನು, ಅಡಿಕೆ, ಏನನ್ನು ಕೊಯ್ದರೂ ಸಿಹಿನೀರಿನಲ್ಲಿ ತೊಳೆದು ಒರೆಸಿ, ಸ್ವಲ್ಪ ಹೊತ್ತು ತೆರೆದೇ ಇಟ್ಟು ಒಣಗಿದ ಮೇಲೆ ಮಡಚಿ. ಉಪ್ಪುನೀರು ತಾಗಿದ ದಿನ ಇದನ್ನು ರಾತ್ರಿಗೆ ಮುಂದೂಡಬಾರದು. ಹಲಸಿನ ಮೇಣ ಹಿಡಿದಿದ್ದರೆ ನೀರು ಮುಟ್ಟಿಸುವ ಮೊದಲು ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿ, ಮೇಣ ಎದ್ದು ಬಂದ ಮೇಲೆ ಸೋಪಿನ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಯನ್ನು ತಿಕ್ಕಿ.

ಕೀಲಿಗೆ ಬಿಡುವ ಎಣ್ಣೆ ತೆಳುವಾಗಿರಬೇಕು. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು, ಆದರೆ ತಿನ್ನುವ ವಸ್ತು ಕೊಯ್ಯುವ ಚೂರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಉತ್ತಮ. ಎರಡು ಹನಿ ಬಿಟ್ಟು, ಹತ್ತಾರು ಸಲ ತೆರೆದು ಮಡಚಿ, ಹೊರಬಂದ ಎಣ್ಣೆಯನ್ನು ಒರೆಸಿ. ಅದು ಕಪ್ಪಾಗಿ ಬರುತ್ತಿದ್ದರೆ ತಿಳಿಯಾಗುವವರೆಗೆ ಮುಂದುವರಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಇಷ್ಟು ಮಾಡಿದರೆ ಕೀಲಿಗೆ ತುಕ್ಕು ಇಳಿಯುವುದಿಲ್ಲ. ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬೇಡಿ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಅದರೊಳಗಿನ ಅಲಗು ಹೊರಗಿನದಕ್ಕಿಂತ ಬೇಗ ಕೆಡುತ್ತದೆ. ದಿನವೂ ಬಳಸದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಬಹುದು.

ಮಸೆಯಲು ಒಂದು ಬದಿ ಒರಟು, ಇನ್ನೊಂದು ಬದಿ ನಯವಾಗಿರುವ ಸಾದಾ ಕಾರ್ಬೊರಂಡಮ್ ಕಲ್ಲು ಸಾಕು. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅರ್ಧಕ್ಕೆ ಬಾಗಿಸಿದರೆ ಸುಮಾರು 22 ಡಿಗ್ರಿ ಬರುತ್ತದೆ. ಅದಕ್ಕಿಂತ ತುಸು ತಗ್ಗಿಸಿದರೆ ಬೇಕಾದ ಕೋನ ಸಿಕ್ಕಿತು. ಆಚೆ ಬದಿಯಲ್ಲಿ ಬೆರಳಿಗೆ ಒರಟಾದ ತೆಳು ಎಳೆಯೊಂದು ತಾಗುವವರೆಗೆ ಒಂದೇ ಬದಿಯನ್ನು ಮಸೆದು, ಆಮೇಲೆ ಬದಿ ಬದಲಿಸಿ. ಕಲ್ಲಿಲ್ಲದ ದಿನ ಪಿಂಗಾಣಿ ಬಟ್ಟಲಿನ ಅಡಿಯಲ್ಲಿರುವ ಹೊಳಪಿಲ್ಲದ ಬಳೆಯ ಮೇಲೆ ನಾಲ್ಕು ಸಲ ಎಳೆದರೂ ಹರಿತ ಮರಳುತ್ತದೆ. ಯಂತ್ರದ ಚಕ್ರಕ್ಕೆ ಹಿಡಿಸುವುದು ಬೇಡ. ಕಿಡಿ ಹಾರುವಾಗ ತೆಳುವಾದ ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿನ ಉಕ್ಕಿನ ಹದ ಹೋಯಿತು, ಅಷ್ಟು ಭಾಗವನ್ನು ಸವೆಸಿ ತೆಗೆಯುವವರೆಗೆ ಹರಿತ ನಿಲ್ಲದು.

ವರ್ಷಗಳು ಕಳೆದಂತೆ ಅಲಗು ಸವೆದು ಕಿರಿದಾಗುವುದು ಸಹಜ, ಅದಕ್ಕಾಗಿ ಚೂರಿಯನ್ನು ಬಿಸಾಡಬೇಕಾಗಿಲ್ಲ. ಎಡಬಲದ ಅಲುಗಾಟ ಬಿಗಿಸಿದರೂ ಹೋಗದಿದ್ದರೆ, ಸ್ಪ್ರಿಂಗಿನ ಬೆನ್ನಿನಲ್ಲಿ ಬಿರುಕು ಕಂಡರೆ, ಅಥವಾ ಒತ್ತಿದಾಗ ಲಾಕು ಜಾರತೊಡಗಿದರೆ ಅದನ್ನು ಕೆಲಸದಿಂದ ಬಿಡಿಸಿ. ಖಾತರಿ ಇರುವುದಾದರೆ ಬಿಲ್ಲಿನೊಡನೆ ಕಂಪೆನಿಯ ಸೇವಾ ಕೇಂದ್ರಕ್ಕೆ ಕಳುಹಿಸಿ, ಸ್ಕ್ರೂ ಹಾಕಿದ ಚೂರಿಯಾದರೆ ವಾಷರ್ ಬದಲಿಸಿ ನೋಡಿ.